ಬಾರಕೋಲಿನ ಏಟು

ಮುಳಗುಂದದಲ್ಲಿ ಎತ್ತು ಹೂಡಿದವರಿಗೆ ‘ವಿಪ್‌ಲ್ಯಾಶ್’ ಅಂದ್ರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಬಾರಕೋಲಿನ ಹಿಡಿ ಚೂರು ಅಲುಗಿದರೂ ತುದಿ ಛಟ್ ಅನ್ನುತ್ತೆ. ಹಿಂದಿನಿಂದ ಲಾರಿ ಗುದ್ದಿದಾಗಲೂ ಅಷ್ಟೇ: ಸೀಟು ಬೆನ್ನನ್ನು ಮುಂದಕ್ಕೆ ತಳ್ಳುತ್ತೆ, ತಲೆ ಹಿಂದೆ ಉಳಿದು ಆಮೇಲೆ ಚಿಮ್ಮುತ್ತೆ. ನಡುವೆ ಸಿಗೋದು ಕುತ್ತಿಗೆ.

ನೋವು ಹೆಸರಿಗಿಂತ ಹಳೇದು. 1866ರಲ್ಲಿ ಲಂಡನ್ನಿನ ಸರ್ಜನ್ ಜಾನ್ ಎರಿಕ್ಸೆನ್ ರೈಲು ಅಪಘಾತದಲ್ಲಿ ಬದುಕುಳಿದವರ ಬೆನ್ನುಹುರಿಯ ತೊಂದರೆ ಬಗ್ಗೆ ಬರೆದರು. ನೋವು ನಿಜವೋ, ಪರಿಹಾರದ ದುಡ್ಡಿಗೆ ನಾಟಕವೋ ಅನ್ನೋ ಜಗಳ ಬೆಳೆಯಿತು. (ಇವತ್ತಿನ ಇನ್ಶೂರೆನ್ಸ್ ಕ್ಲೇಮಿನಲ್ಲೂ ಅದೇ ಅನುಮಾನ.) ‘ವಿಪ್‌ಲ್ಯಾಶ್’ ಪದ ತಂದವರು ಅಮೆರಿಕದ ಮೂಳೆ ಡಾಕ್ಟರ್ ಹೆರಾಲ್ಡ್ ಕ್ರೋ, 1928ರಲ್ಲಿ. ಅವರು ಹೇಳಹೊರಟಿದ್ದು ತಲೆ ಚಿಮ್ಮುವ ರೀತಿಯನ್ನಷ್ಟೇ. ಅದೇ ಕಾಯಿಲೆಯ ಹೆಸರಾಯ್ತಲ್ಲ ಅಂತ ಆಮೇಲೆ ಪೇಚಾಡಿದರು.

ಚಿಕಿತ್ಸೆ ಮಾತ್ರ ದಶಕಗಟ್ಟಲೆ ಒಂದೇ: ಕುತ್ತಿಗೆಗೆ ಪಟ್ಟಿ ಹಾಕು, ಮಲಗು. 1986ರಲ್ಲಿ ಐರ್ಲೆಂಡಿನ ವೈದ್ಯರು ಕೆಲವರಿಗೆ ಕಾಲರ್ ಹಾಕಿ, ಉಳಿದವರಿಗೆ ಬೇಗನೆ ಕುತ್ತಿಗೆ ಆಡಿಸುವ ಚಿಕಿತ್ಸೆ ಕೊಟ್ಟು ನೋಡಿದರು. ಎಂಟು ವಾರಕ್ಕೆ ಆಡಿಸಿದವರೇ ಹೆಚ್ಚು ಚೇತರಿಸಿಕೊಂಡಿದ್ದರು. 1995ರಲ್ಲಿ ಕೆನಡಾದ ಕ್ವಿಬೆಕ್ ತಜ್ಞರ ತಂಡವೂ ಬೇಗ ದಿನದ ಕೆಲಸಕ್ಕೆ ಮರಳಿ ಅಂತಲೇ ಹೇಳಿತು.

ಈ ಮಾತು ನಮ್ಮೂರಿಗೆ ಇನ್ನೂ ಪೂರ್ತಿ ತಲುಪಿಲ್ಲ. ಟೆಂಪೋ ಗುದ್ದಿದ ಮೇಲೆ ನಮ್ಮ ಕಾಕಾ ಮೂರು ತಿಂಗಳು ಪಟ್ಟಿ ಬಿಚ್ಚಲಿಲ್ಲ. ‘ಆಡಿಸಿದ್ರ ನರ ಹರೀತದೋ ತಮ್ಮಾ’ ಅಂತಿದ್ದ. ಎಕ್ಸ್‌ರೇಯಲ್ಲಿ ಮೂಳೆ ಸರಿಯಿತ್ತು, ಕೈ ಜೋಮು ಹಿಡಿದಿರಲಿಲ್ಲ. ಅವೆರಡನ್ನೂ ಡಾಕ್ಟರ್ ಮೊದಲು ನೋಡಲೇಬೇಕು. ಫಿಸಿಯೋ ಕೊಟ್ಟ ಮೊದಲ ಕೆಲಸ, ನಿಧಾನಕ್ಕೆ ಎಡಕ್ಕೆ, ಬಲಕ್ಕೆ ತಿರುಗಿ ನೋಡೋದು, ದಿನಕ್ಕೆ ಐದಾರು ಸಲ. ಈಗ ಟ್ರ್ಯಾಕ್ಟರ್ ಹಿಂದಕ್ಕೆ ತಗೊಳ್ಳುವಾಗ ಕಾಕಾ ತಾನೇ ತಿರುಗಿ ನೋಡ್ತಾನೆ.