ಭಾನುವಾರದ ಬೀಗ

ಅಮೆರಿಕದ ಟೆಕ್ಸಸ್‌ನಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ದಿನಸಿ ಅಂಗಡಿಗೆ ಹೋದರೆ ಹಾಲು ಸಿಗುತ್ತದೆ, ಮೊಟ್ಟೆ ಸಿಗುತ್ತದೆ, ಬೀರು ಸಿಗುವುದಿಲ್ಲ. ಕಣ್ಣೆದುರಿಗೇ ಫ್ರಿಜ್ಜಿನಲ್ಲಿ ಸಾಲಾಗಿ ನಿಂತಿರುತ್ತದೆ, ಆದರೆ ಗಲ್ಲಾದವರು ಬಿಲ್ ಹಾಕುವಂತಿಲ್ಲ. ಹತ್ತು ಗಂಟೆ ಆದದ್ದೇ ತಡ, ಅದೇ ಬಾಟಲಿ ಮಾರಾಟಕ್ಕೆ ಸಿದ್ಧ. ವಿಸ್ಕಿ, ರಮ್ ಅಂಗಡಿಗಳಂತೂ ಇಡೀ ದಿನ ಬಾಗಿಲು ತೆರೆಯುವುದಿಲ್ಲ. ಭಾನುವಾರವೆಂದರೆ ವೈನ್ ಶಾಪಿನ ಮುಂದೆ ನೂಕುನುಗ್ಗಲು ಎಂದೇ ಬಲ್ಲ ಬೆಂಗಳೂರಿನ ಹುಡುಗರಿಗೆ ಇದು ಮೊದಮೊದಲು ತಮಾಷೆಯಾಗಿ ಕಾಣುತ್ತದೆ. ನಮ್ಮಲ್ಲಿ ‘ಡ್ರೈ ಡೇ’ ಎಂದರೆ ಗಾಂಧಿ ಜಯಂತಿ, ಇಲ್ಲವೇ ಮತದಾನದ ಆಸುಪಾಸಿನ ದಿನಗಳು. ವಾರಕ್ಕೊಮ್ಮೆ ತಪ್ಪದೆ ಬರುವ ಡ್ರೈ ಡೇ ಯಾರ ಏರ್ಪಾಡು?

ಚರ್ಚಿನದು ಎಂಬುದು ಸುಲಭದ ಉತ್ತರ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಈ ಕಾಯಿದೆಗಳ ನಾನ್ನೂರು ವರ್ಷಗಳ ಚರಿತ್ರೆಯನ್ನು ಹಿಡಿದು ಹೊರಟರೆ ಒಂದು ಸಂಗತಿ ಎದ್ದು ಕಾಣುತ್ತದೆ: ವಾರ ಬದಲಾಗಲಿಲ್ಲ, ಕಾರಣ ಮಾತ್ರ ತಲೆಮಾರಿಗೊಂದರಂತೆ ಬದಲಾಯಿತು.

ಮೂಲ ಇನ್ನೂ ಹಿಂದಿನದು. ಕ್ರಿ.ಶ. 321ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರದ ರಜೆಯ ಆಜ್ಞೆ ಹೊರಡಿಸಿದ. ನಗರದವರು, ನ್ಯಾಯಾಧಿಕಾರಿಗಳು ಅಂದು ಕೆಲಸ ನಿಲ್ಲಿಸಬೇಕು. ರೈತರಿಗೆ ವಿನಾಯಿತಿ, ಏಕೆಂದರೆ ಹದ ತಪ್ಪಿದರೆ ಬೆಳೆ ಕೈಗೆ ಬರುವುದಿಲ್ಲ. ಆಜ್ಞೆಯಲ್ಲಿದ್ದದ್ದು ಕ್ರಿಸ್ತನ ಹೆಸರಲ್ಲ, ಸೂರ್ಯನ ಹೆಸರು. ನಮ್ಮ ಭಾನುವಾರ, ಆದಿತ್ಯವಾರಗಳಲ್ಲಿ ಇರುವವನೂ ಅವನೇ. ಮದ್ಯದ ಮಾತು ಅದರಲ್ಲಿ ಇರಲೇ ಇಲ್ಲ.

ಮದ್ಯ ಈ ಕಥೆಗೆ ಬಂದದ್ದು ಇಂಗ್ಲೆಂಡಿನ ಕಟ್ಟಾ ಪ್ರಾಟೆಸ್ಟಂಟರಾದ ಪ್ಯೂರಿಟನ್ನರ ಜೊತೆ. ಯೆಹೂದ್ಯರ ಶನಿವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಕಟ್ಟುನಿಟ್ಟನ್ನೆಲ್ಲ ಅವರು ಭಾನುವಾರಕ್ಕೆ ಹೊರಿಸಿದರು. ಇಂಗ್ಲೆಂಡಿನಲ್ಲಿ ಇದಕ್ಕೆ ಎದುರು ನಿಂತವನು ಸ್ವತಃ ರಾಜ. ಒಂದನೇ ಜೇಮ್ಸ್ 1618ರಲ್ಲಿ ಪ್ರಕಟಣೆ ಹೊರಡಿಸಿ, ಪ್ರಾರ್ಥನೆ ಮುಗಿಸಿದ ಮೇಲೆ ಜನ ಕುಣಿಯಲಿ, ಬಿಲ್ಲು ಹೊಡೆಯಲಿ ಎಂದ. ಅಟ್ಲಾಂಟಿಕ್ ದಾಟಿ ಹೋದವರಿಗೆ ಆ ಸಡಿಲ ಇರಲಿಲ್ಲ. ವರ್ಜೀನಿಯಾದ 1610ರ ಕಟ್ಟಳೆಯ ಪ್ರಕಾರ ಭಾನುವಾರದ ಆರಾಧನೆ ತಪ್ಪಿಸಿದವನಿಗೆ ಮೊದಲ ಸಲ ಪಡಿತರ ಕಡಿತ, ಎರಡನೆಯ ಸಲ ಚಾಟಿಯೇಟು, ಮೂರನೆಯ ಸಲ ಮರಣದಂಡನೆ. 1677ರ ಇಂಗ್ಲಿಷ್ ಕಾಯಿದೆ ಅಷ್ಟು ಘೋರವಲ್ಲ. ಭಾನುವಾರ ಕಸುಬು ನಡೆಸಬಾರದು ಎಂದು ಹೇಳಿ, ಬೇರೆಡೆ ಊಟ ಸಿಗದವರಿಗಾಗಿ ಛತ್ರ-ಖಾನಾವಳಿಗಳನ್ನು ಬಿಟ್ಟಿತು. ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕರ ನಂತರ ಹಾಲು ಮಾರಬಹುದು ಎಂದಿತು. ಆ ಖಾನಾವಳಿಯ ಸಂದಿಯಲ್ಲೇ ಮುಂದೆ ಕುಡುಕರು ನುಸುಳಿದರು.

ಅಮೆರಿಕದಲ್ಲಿ ಇವಕ್ಕೆ ‘ಬ್ಲೂ ಲಾ’ ಎಂಬ ಹೆಸರಿದೆ. ನೀಲಿ ಕಾಗದದ ಮೇಲೆ ಅಚ್ಚಾಗಿದ್ದರಿಂದ ಆ ಹೆಸರು ಎಂಬ ಕಥೆಗೆ ಆಧಾರವಿಲ್ಲ. ಹೆಸರನ್ನು ಜನಪ್ರಿಯಗೊಳಿಸಿದ್ದು 1781ರಲ್ಲಿ ಕನೆಕ್ಟಿಕಟ್ಟಿನ ಚರಿತ್ರೆ ಬರೆದ ಸ್ಯಾಮ್ಯುಯೆಲ್ ಪೀಟರ್ಸ್ ಎಂಬ ಪಾದ್ರಿ. ಊರಿನ ಮೇಲೆ ಅವನಿಗೆ ಸಿಟ್ಟಿತ್ತು. ಇರದ ಕಾನೂನುಗಳನ್ನೂ ಧಾರಾಳವಾಗಿ ಸೇರಿಸಿದ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಾಯಿದೆಗಳ ಕಾರಣ ಮೊದಲ ಬಾರಿಗೆ ಬದಲಾಯಿತು. ಜರ್ಮನಿ, ಐರ್ಲೆಂಡ್‌ಗಳಿಂದ ಜನ ಬಂದಿಳಿದರು. ಜರ್ಮನ್ ಕುಟುಂಬಕ್ಕೆ ಭಾನುವಾರವೆಂದರೆ ಬೆಳಿಗ್ಗೆ ಚರ್ಚು, ಮಧ್ಯಾಹ್ನ ಹೆಂಡತಿ-ಮಕ್ಕಳೊಂದಿಗೆ ಬೀರಿನ ತೋಟ, ಜೊತೆಗೆ ಬ್ಯಾಂಡಿನ ಸಂಗೀತ. ಹೀಗಾಗಿ ಇದನ್ನು ಧರ್ಮಕ್ಕೂ ಅಧರ್ಮಕ್ಕೂ ನಡೆದ ಜಗಳ ಎನ್ನುವುದು ತಪ್ಪು. ಒಂದೇ ಕ್ರಿಸ್ತನನ್ನು ನಂಬಿದವರ ಎರಡು ಬಗೆಯ ಭಾನುವಾರಗಳ ನಡುವಿನ ಜಗಳ ಅದು. 1855ರಲ್ಲಿ ವಲಸಿಗರ ವಿರೋಧಿ ‘ನೋ ನಥಿಂಗ್’ ಪಕ್ಷದ ಲೀವೈ ಬೂನ್ ಷಿಕಾಗೋದ ಮೇಯರ್ ಆದ. ಮದ್ಯದಂಗಡಿಗಳ ಲೈಸೆನ್ಸ್ ಶುಲ್ಕವನ್ನು 50 ಡಾಲರಿನಿಂದ 300ಕ್ಕೆ ಏರಿಸಿದ. ಮೂಲೆಗೆ ಬಿದ್ದಿದ್ದ ಭಾನುವಾರದ ಮುಚ್ಚುಗಡೆಯನ್ನು ಜಾರಿಗೆ ತಂದ. ಸಿಕ್ಕಿಬಿದ್ದವರ ವಿಚಾರಣೆಯ ದಿನ, ಏಪ್ರಿಲ್ 21ರಂದು, ಜರ್ಮನರು ಮೆರವಣಿಗೆ ಹೊರಟರು, ಗುಂಡು ಹಾರಿತು, ಒಬ್ಬ ಸತ್ತ. ಅದೇ ಬೇಸಿಗೆಯಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲೂ ಗದ್ದಲ. ಭಾನುವಾರದ ವ್ಯಾಪಾರ ನಿಲ್ಲಿಸುವ ಮಸೂದೆಯ ವಿರುದ್ಧ ಸೇರಿದ್ದ ಆ ಗುಂಪನ್ನು ಕಂಡು ಪತ್ರಿಕೆಗೆ ವರದಿ ಬರೆದವರಲ್ಲಿ ಕಾರ್ಲ್ ಮಾರ್ಕ್ಸ್ ಒಬ್ಬ. ಸಿರಿವಂತನಿಗೆ ಕ್ಲಬ್ಬಿದೆ, ಮನೆಯಲ್ಲಿ ನೆಲಮಾಳಿಗೆಯಿದೆ. ಬೀಗ ಬೀಳುವುದು ಕೂಲಿಯವನ ಪಡಖಾನೆಗೆ ಎಂಬ ತಕರಾರು ಆಗಲೇ ಇತ್ತು.

ಕಾಯಿದೆ ಬಿಗಿಯಾದಂತೆ ಜಾಣತನವೂ ಬೆಳೆಯಿತು. 1895ರಲ್ಲಿ ನ್ಯೂಯಾರ್ಕಿನ ಪೊಲೀಸ್ ಮಂಡಳಿಯ ಅಧ್ಯಕ್ಷನಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ ಭಾನುವಾರದ ಮುಚ್ಚುಗಡೆಯನ್ನು ಚಾಚೂ ತಪ್ಪದೆ ಜಾರಿ ಮಾಡಿ ಊರಿನ ಜರ್ಮನರ ಸಿಟ್ಟಿಗೆ ಗುರಿಯಾದ. ಮರುವರ್ಷ ಬಂದದ್ದು ರೇನ್ಸ್ ಕಾಯಿದೆ: ಭಾನುವಾರ ಮದ್ಯ ಕೊಡಬೇಕಾದರೆ ಅದು ಹತ್ತು ಮಲಗುವ ಕೋಣೆಗಳಿರುವ ಹೋಟೆಲಾಗಿರಬೇಕು, ಊಟದ ಜೊತೆಗೇ ಕೊಡಬೇಕು. ಪಡಖಾನೆ ಮಾಲೀಕರು ಅಟ್ಟದ ಮೇಲೆ ಹಲಗೆ ಹೊಡೆದು ಹತ್ತು ಗೂಡು ಮಾಡಿದರು, ಬೋರ್ಡು ಬದಲಿಸಿದರು. ಊಟಕ್ಕೆ ಸ್ಯಾಂಡ್‌ವಿಚ್ಚು. ಒಂದೇ ಸ್ಯಾಂಡ್‌ವಿಚ್ಚು ಮೇಜಿನಿಂದ ಮೇಜಿಗೆ ದಿನವಿಡೀ ಸುತ್ತುತ್ತಿತ್ತು. ಎರಡು ಬ್ರೆಡ್ಡಿನ ನಡುವೆ ಇಟ್ಟಿಗೆ ಇಟ್ಟ ನಿದರ್ಶನವನ್ನು ಪತ್ರಕರ್ತ ಜೇಕಬ್ ರೀಸ್ ದಾಖಲಿಸಿದ್ದಾನೆ. ಅದು ನಗುವ ವಿಷಯ. ಅಟ್ಟದ ಗೂಡುಗಳು ವೇಶ್ಯಾವಾಟಿಕೆಗೆ ಬಾಡಿಗೆ ಹೋದದ್ದು ನಗುವಂಥದ್ದಲ್ಲ. ಸಬ್ಬತ್ತನ್ನು ಕಾಪಾಡಹೊರಟ ಕಾಯಿದೆ ಕೊನೆಗೆ ಕಟ್ಟಿಕೊಟ್ಟದ್ದು ಅದನ್ನು.

ವೇಲ್ಸ್‌ನ ಕಥೆ ಬೇರೆ. ಅಲ್ಲಿ ಮುಚ್ಚುಗಡೆ ಬೇಡಿದವರು ಸ್ವತಃ ಜನ, ಅಥವಾ ಜನರ ಪ್ರಾರ್ಥನಾ ಮಂದಿರಗಳು. ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಸಭೆಗಳು ಒತ್ತಾಯಿಸಿ 1881ರಲ್ಲಿ ಭಾನುವಾರದ ಪಬ್ ಮುಚ್ಚುಗಡೆಯ ಕಾಯಿದೆ ತಂದವು. ಆಧುನಿಕ ಕಾಲದಲ್ಲಿ ಬ್ರಿಟಿಷ್ ಪಾರ್ಲಿಮೆಂಟು ವೇಲ್ಸನ್ನು ಇಂಗ್ಲೆಂಡಿನಿಂದ ಬೇರೆ ಎಂದು ಗುರುತಿಸಿದ ಮೊದಲ ಕಾಯಿದೆ ಅದೇ. ಕುಡಿಯದ ಭಾನುವಾರ ಅಲ್ಲಿ ನಾಡತನದ ಗುರುತಾಯಿತು. ಹಾಗೆಂದು ಯಾರೂ ಕುಡಿಯಲಿಲ್ಲ ಎಂದಲ್ಲ, ಕಾರ್ಡಿಫ್‌ನಲ್ಲಿ ಸದಸ್ಯರ ಕ್ಲಬ್ಬುಗಳು ಅಣಬೆಯಂತೆ ಎದ್ದವು. 1961ರಿಂದ ಜಿಲ್ಲೆಗಳು ಏಳು ವರ್ಷಕ್ಕೊಮ್ಮೆ ಮತ ಹಾಕಿ ನಿರ್ಧರಿಸತೊಡಗಿದವು. ವೆಲ್ಷ್ ಭಾಷೆ ಗಟ್ಟಿಯಾಗಿದ್ದ ವಾಯವ್ಯದ ಡ್ವೈವೊರ್ ಜಿಲ್ಲೆ ಕೊನೆಯವರೆಗೆ ಪಟ್ಟು ಹಿಡಿದು, 1996ರಲ್ಲಿ ಬಿಟ್ಟುಕೊಟ್ಟಿತು.

ಮತ್ತೆ ಅಮೆರಿಕಕ್ಕೆ. ನನಗೆ ಇಡೀ ಚರಿತ್ರೆಯಲ್ಲಿ ಹೆಚ್ಚು ಕುತೂಹಲ ಹುಟ್ಟಿಸುವವರು ಸೆವೆಂತ್ ಡೇ ಅಡ್ವೆಂಟಿಸ್ಟರೆಂಬ ಕ್ರೈಸ್ತ ಪಂಗಡದವರು. ಹೆಂಡ ಮುಟ್ಟದವರು, ಪಾನನಿರೋಧದ ಪ್ರಚಾರದಲ್ಲಿ ಮುಂದಿದ್ದವರು. ಆದರೆ ಅವರ ಸಬ್ಬತ್ ಶನಿವಾರ. 1888ರಲ್ಲಿ ಸೆನೆಟರ್ ಹೆನ್ರಿ ಬ್ಲೇರ್ ಇಡೀ ದೇಶಕ್ಕೆ ಭಾನುವಾರದ ವಿಶ್ರಾಂತಿ ಮಸೂದೆ ತಂದಾಗ ಮಹಿಳೆಯರ ಪಾನನಿರೋಧ ಸಂಘ ಬೆನ್ನಿಗೆ ನಿಂತಿತು; ಅಡ್ವೆಂಟಿಸ್ಟರ ಎ. ಟಿ. ಜೋನ್ಸ್ ಸೆನೆಟ್ ಸಮಿತಿಯ ಎದುರು ಹೋಗಿ ವಿರೋಧಿಸಿದ. ಭಾನುವಾರ ಹೊಲ ಉತ್ತದ್ದಕ್ಕೆ ದಕ್ಷಿಣದ ರಾಜ್ಯಗಳಲ್ಲಿ ಅವನ ಜನ ಜೈಲು ಕಂಡಿದ್ದರು. ಭಾನುವಾರದ ಕಾಯಿದೆಯನ್ನು ಧರ್ಮದ ಹೆಸರಿನಲ್ಲೇ ವಿರೋಧಿಸಿದ ಇಂಥವರ ಪಾಲು ಈ ಚರಿತ್ರೆಯಲ್ಲಿ ಸಣ್ಣದಲ್ಲ. ಮಸೂದೆ ಬಿದ್ದುಹೋಯಿತು.

1920ರ ಜನವರಿಯಲ್ಲಿ ದೇಶವ್ಯಾಪಿ ಪಾನನಿಷೇಧ ಬಂದು ಎಲ್ಲ ವಾರಗಳೂ ಒಣಗಿದವು. 1933ರ ಡಿಸೆಂಬರಿನಲ್ಲಿ ಅದು ರದ್ದಾದಾಗ, ಸಂವಿಧಾನದ 21ನೆಯ ತಿದ್ದುಪಡಿ ಮದ್ಯದ ಅಧಿಕಾರವನ್ನು ರಾಜ್ಯಗಳ ಕೈಗಿತ್ತಿತು. ಹಲವು ರಾಜ್ಯಗಳು ವಾರಕ್ಕೆ ಆರು ದಿನ ತೆರೆದು ಏಳನೆಯದನ್ನು ಮುಚ್ಚಿದವು. ಸೋತ ಪಕ್ಷಕ್ಕೆ ಉಳಿಸಿಕೊಟ್ಟ ಪಾಲು ಎಂದು ನಾನಿದನ್ನು ಓದುತ್ತೇನೆ.

ಈ ಕಾಯಿದೆಗಳು ಸಂವಿಧಾನಕ್ಕೆ ಒಪ್ಪುತ್ತವೆಯೇ ಎಂಬ ಪ್ರಶ್ನೆಗೆ ನ್ಯಾಯಾಲಯದ ಉತ್ತರ ಬಂದದ್ದು 1961ರಲ್ಲಿ. ಮೇರಿಲ್ಯಾಂಡಿನ ಅಂಗಡಿಯೊಂದರ ನೌಕರರು ಭಾನುವಾರ ಒಂದು ಫೈಲು, ನೆಲದ ಮೇಣ, ಸ್ಟೇಪ್ಲರ್, ಆಟಿಕೆ ಸಬ್‌ಮರೀನು ಮಾರಿ ದಂಡ ತೆತ್ತಿದ್ದರು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್ ಒಪ್ಪಿಕೊಂಡರು: ಈ ಕಾಯಿದೆಗಳ ಹುಟ್ಟು ಧರ್ಮದಲ್ಲಿ. ಈಗಿನ ಉದ್ದೇಶ ಮಾತ್ರ ಎಲ್ಲರಿಗೂ ಒಂದೇ ವಿಶ್ರಾಂತಿಯ ದಿನ, ಆದ್ದರಿಂದ ಅವು ಸಂವಿಧಾನಬದ್ಧ. ಹಾಗೆನ್ನಲು ಅವರು ಕೊಟ್ಟ ಆಧಾರಗಳಲ್ಲಿ ಒಂದು ವಿನೋದದ್ದು. ಮೇರಿಲ್ಯಾಂಡಿನಲ್ಲಿ ಹಿಂದೆ ನಿಷಿದ್ಧವಾಗಿದ್ದ ಭಾನುವಾರದ ಮದ್ಯ ಮಾರಾಟಕ್ಕೆ ಹತ್ತಾರು ಕಾಯಿದೆಗಳು ಅನುಮತಿ ಕೊಟ್ಟಿದ್ದವು. ಹೀಗಿರುವಾಗ ಅದನ್ನು ಧಾರ್ಮಿಕ ದಿನ ಎನ್ನುವುದು ಹೇಗೆ? ಹೆಂಡವೇ ಭಾನುವಾರದ ಜಾತ್ಯತೀತತೆಗೆ ಸಾಕ್ಷಿಯಾಯಿತು. ಭಿನ್ನಮತ ಬರೆದವರು ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಒಬ್ಬರೇ. ಅದೇ ದಿನ, ಶನಿವಾರ ಧರ್ಮಕ್ಕಾಗಿ, ಭಾನುವಾರ ಕಾನೂನಿಗಾಗಿ ಬಾಗಿಲು ಮುಚ್ಚಬೇಕಾಗಿದ್ದ ಫಿಲಡೆಲ್ಫಿಯಾದ ಯೆಹೂದಿ ವ್ಯಾಪಾರಿಗಳೂ ಸೋತರು. ಅವರ ಸೋಲು ನನಗೆ ಇಂದಿಗೂ ಒಪ್ಪಿಗೆಯಾಗುವುದಿಲ್ಲ.

ಚರ್ಚಿನ ನೇರ ಹಿಡಿತ ಕಳಚಿದ್ದು 1982ರಲ್ಲಿ. ಮ್ಯಾಸಚೂಸೆಟ್ಸ್‌ನಲ್ಲಿ 500 ಅಡಿಯೊಳಗಿನ ಮದ್ಯದ ಲೈಸೆನ್ಸನ್ನು ಒಂದು ಚರ್ಚು ಆಕ್ಷೇಪ ಪತ್ರ ಬರೆದೇ ತಡೆಯಬಹುದಾಗಿತ್ತು. ಹಾರ್ವರ್ಡ್ ಚೌಕದ ‘ಗ್ರೆಂಡೆಲ್ಸ್ ಡೆನ್’ ರೆಸ್ಟೋರೆಂಟಿನ ಹಿಂಗೋಡೆಗೂ ಅರ್ಮೇನಿಯನ್ ಚರ್ಚಿನ ಹಿಂಗೋಡೆಗೂ ಹತ್ತಡಿ ಅಂತರ. ಅದೇ 500 ಅಡಿಯೊಳಗೆ 25 ಲೈಸೆನ್ಸುಗಳು ಆಗಲೇ ಇದ್ದವು, ಚರ್ಚು 26ನೆಯದಕ್ಕೆ ಬೇಡ ಎಂದಿತು. ಸರ್ಕಾರದ ಅಧಿಕಾರವನ್ನು ಚರ್ಚಿಗೆ ಧಾರೆ ಎರೆಯುವಂತಿಲ್ಲ ಎಂದು ಕೋರ್ಟು ಎಂಟು-ಒಂದರಿಂದ ತೀರ್ಪಿತ್ತಿತು.

ಆಮೇಲೆ ಬೀಗಗಳು ಒಂದೊಂದಾಗಿ ತೆರೆದವು: ಕೊಲೊರಾಡೊ 2008, ಕನೆಕ್ಟಿಕಟ್ 2012, ಮಿನೆಸೋಟ 2017, ಇಂಡಿಯಾನಾ 2018. ಈ ಹಂತದಲ್ಲಿ ಬಾಗಿಲು ಕಾಯುತ್ತಿದ್ದವರು ಪಾದ್ರಿಗಳಿಗಿಂತ ಹೆಚ್ಚಾಗಿ ಅಂಗಡಿಕಾರರು. ಸಣ್ಣ ಮದ್ಯದಂಗಡಿಯವನ ಲೆಕ್ಕ ಸರಳ: ಆರು ದಿನದ ವ್ಯಾಪಾರವೇ ಏಳು ದಿನಕ್ಕೆ ಹಂಚಿಹೋಗುತ್ತದೆ, ಸಂಬಳ ಮತ್ತು ದೀಪದ ಖರ್ಚು ಮಾತ್ರ ಏರುತ್ತದೆ. ಪೈಪೋಟಿಯ ದೊಡ್ಡ ಮಳಿಗೆಯೂ ಮುಚ್ಚಿರಲಿ ಎಂದು ಅವನು ಬಯಸಿದ. ಅರ್ಥಶಾಸ್ತ್ರಜ್ಞ ಬ್ರೂಸ್ ಯಾಂಡಲ್ 1983ರಲ್ಲಿ ಈ ಜೋಡಿಗೆ ‘ಬೂಟ್‌ಲೆಗ್ಗರ್‌ಗಳು (ಕಳ್ಳಮದ್ಯ ಮಾರುವವರು) ಮತ್ತು ಬ್ಯಾಪ್ಟಿಸ್ಟರು’ ಎಂದು ಹೆಸರಿಟ್ಟ. ಒಬ್ಬ ನೀತಿಯ ಮಾತಾಡುತ್ತಾನೆ, ಇನ್ನೊಬ್ಬ ಗಲ್ಲಾ ಎಣಿಸುತ್ತಾನೆ. ಕಾಯಿದೆ ಇಬ್ಬರಿಗೂ ಬೇಕು. ಮಿನೆಸೋಟದಲ್ಲಿ 159 ವರ್ಷಗಳ ನಿಷೇಧ ಜುಲೈ 2ರಂದು ಮುಗಿಯಬೇಕಿತ್ತು. ತಾಳ್ಮೆ ತಪ್ಪಿದ ಅಂಗಡಿಯೊಂದು ಮಾರ್ಚಿನ ಭಾನುವಾರವೇ ಬಾಗಿಲು ತೆರೆದು ದಂಡಕ್ಕೆ ಗುರಿಯಾಯಿತು.

ಹಾಗಾದರೆ ಮುಚ್ಚುಗಡೆಯಿಂದ ಉಪಯೋಗವಿತ್ತೇ? ಉತ್ತರ ಒಂದೇ ಅಲ್ಲ. ನ್ಯೂ ಮೆಕ್ಸಿಕೊದಲ್ಲಿ 1995ರಲ್ಲಿ ನಿಷೇಧ ತೆಗೆದ ಮೇಲೆ ಭಾನುವಾರಗಳಂದು ಕುಡಿತಕ್ಕೆ ಸಂಬಂಧಿಸಿದ ರಸ್ತೆ ಅಪಘಾತಗಳು ಶೇ. 29ರಷ್ಟು, ಸಾವುಗಳು ಶೇ. 42ರಷ್ಟು ಹೆಚ್ಚಿದವೆಂದು 2006ರ ಅಧ್ಯಯನ ಹೇಳಿತು. ಸ್ವೀಡನ್‌ನಲ್ಲಿ ಸರ್ಕಾರಿ ಮದ್ಯದಂಗಡಿಗಳು ಶನಿವಾರವೂ ತೆರೆಯತೊಡಗಿದಾಗ ಮಾರಾಟ ಏರಿತು, ಹೊಡೆದಾಟಗಳಲ್ಲಿ ಎದ್ದು ಕಾಣುವ ವ್ಯತ್ಯಾಸವಾಗಲಿಲ್ಲ. 2008ರಲ್ಲಿ ಜೊನಾಥನ್ ಗ್ರೂಬರ್ ಮತ್ತು ಡೇನಿಯಲ್ ಹಂಗರ್‌ಮನ್ ಪ್ರಶ್ನೆಯನ್ನೇ ತಿರುಗಿಸಿದರು. ಭಾನುವಾರದ ಅಂಗಡಿ ನಿಷೇಧಗಳು ಹೋದ ರಾಜ್ಯಗಳಲ್ಲಿ ಚರ್ಚಿಗೆ ಬರುವವರೂ ಕಾಣಿಕೆಯೂ ಇಳಿದದ್ದನ್ನು, ಚರ್ಚಿಗೆ ಹೋಗುತ್ತಿದ್ದವರಲ್ಲೇ ಕುಡಿತ ಏರಿದ್ದನ್ನು ಅವರು ಕಂಡರು. ಧರ್ಮ ಕಾಯಿದೆಯನ್ನು ಹಿಡಿದು ನಿಲ್ಲಿಸಿತ್ತು ಎಂದುಕೊಂಡಿದ್ದೆವು. ಕಾಯಿದೆಯೂ ಧರ್ಮಕ್ಕೆ ಊರುಗೋಲಾಗಿತ್ತು.

ನಮ್ಮ ದೇಶಕ್ಕೆ ಭಾನುವಾರದ ರಜೆ ಬಂದ ದಾರಿಯೇ ಬೇರೆ. ಮುಂಬಯಿಯ ಗಿರಣಿ ಕಾರ್ಮಿಕರಿಗಾಗಿ ನಾರಾಯಣ ಮೇಘಾಜಿ ಲೋಖಂಡೆ ಅದನ್ನು ಕೇಳಿ 1890ರಲ್ಲಿ ಪಡೆದರು. ಭಾನುವಾರ ಖಂಡೋಬನ ವಾರ ಎಂಬುದೂ ಅವರ ವಾದದಲ್ಲಿತ್ತು. ಖಂಡೋಬ ಎಂದರೆ ನಮ್ಮ ಮೈಲಾರಲಿಂಗನೇ. ಮದ್ಯವಿಲ್ಲದ ಭಾನುವಾರವನ್ನು ಪ್ರಯೋಗಿಸಿ ನೋಡಿದ್ದು ನೆರೆಯ ಕೇರಳ. ಕ್ಯಾಥೊಲಿಕ್ ಬಿಷಪ್ಪರ ಮಂಡಳಿ ಅಲ್ಲಿನ ಮದ್ಯವಿರೋಧಿ ಚಳವಳಿಯಲ್ಲಿ ಬಹುಕಾಲದಿಂದ ಮುಂದಿತ್ತು. ಉಮ್ಮನ್ ಚಾಂಡಿ ಸರ್ಕಾರ 2014ರ ಅಕ್ಟೋಬರಿನಿಂದ ಎಲ್ಲ ಭಾನುವಾರಗಳನ್ನು ಡ್ರೈ ಡೇ ಮಾಡಿತು. ಪ್ರವಾಸೋದ್ಯಮದ ಕೂಗು ಎದ್ದು, ಡಿಸೆಂಬರಿನಲ್ಲೇ ಹಿಂತೆಗೆಯಲು ತೀರ್ಮಾನಿಸಿತು.

ಅಮೆರಿಕದಲ್ಲಿ ಚರ್ಚು ಈಗ ಉಳಿದಿರುವುದು ಹೆಚ್ಚಾಗಿ ಗಡಿಯಾರದಲ್ಲಿ. ಇಂಡಿಯಾನಾದಲ್ಲಿ ಭಾನುವಾರದ ಮಾರಾಟ ತೆರೆದದ್ದು ಮಧ್ಯಾಹ್ನ ಹನ್ನೆರಡಕ್ಕೆ. ಟೆಕ್ಸಸ್‌ನಲ್ಲಿ ಬೀರು-ವೈನಿನ ಹೊತ್ತು 2021ರ ಸೆಪ್ಟೆಂಬರಿನಲ್ಲಿ ಹನ್ನೆರಡರಿಂದ ಹತ್ತಕ್ಕೆ ಇಳಿಯಿತು. ಜಾರ್ಜಿಯಾದಲ್ಲಿ ರೆಸ್ಟೋರೆಂಟುಗಳು ಹನ್ನೆರಡೂವರೆವರೆಗೆ ಗ್ಲಾಸು ತುಂಬುವಂತಿರಲಿಲ್ಲ, ಬೆಳಗಿನ ಆರಾಧನೆ ಮುಗಿಸಿ ಜನ ಮನೆಯ ದಾರಿ ಹಿಡಿಯುವ ಹೊತ್ತು ಅದು. 2018ರಲ್ಲಿ ‘ಬ್ರಂಚ್ ಮಸೂದೆ’ ಎಂದೇ ಹೆಸರಾದ ಕಾಯಿದೆ ಬಂದು, ಮತ ಹಾಕಿ ಒಪ್ಪಿದ ಊರುಗಳಲ್ಲಿ ಅದನ್ನು ಹನ್ನೊಂದಕ್ಕೆ ತಂದಿತು. ಒಂದೂವರೆ ತಾಸಿಗಾಗಿ ಊರೂರುಗಳಲ್ಲಿ ಮತದಾನ ನಡೆಯಿತು.