ಸ್ಥಳ, ಕುರುಹು, ಕಡತ: ನೆದರ್ಲೆಂಡ್ಸ್‌ನಲ್ಲಿ ಅಪರಾಧ ಸ್ಥಳ ತನಿಖೆಯ ನೂರು ವರ್ಷ

ಅಪರಾಧ ಸ್ಥಳದ ತನಿಖೆಯ ಚರಿತ್ರೆಯನ್ನು ಉಪಕರಣಗಳ ಚರಿತ್ರೆಯಾಗಿ ಬರೆಯುವುದು ರೂಢಿ. ಬೆರಳಚ್ಚು ಬಂತು, ಸೂಕ್ಷ್ಮದರ್ಶಕ ಬಂತು, ಡಿಎನ್‌ಎ ಬಂತು. ಒಂದೊಂದು ಬಂದಾಗಲೂ ಪೊಲೀಸರ ಕಣ್ಣು ಇನ್ನಷ್ಟು ಚುರುಕಾಯಿತು ಎಂಬುದು ಆ ಕಥನದ ಧಾಟಿ. ನೆದರ್ಲೆಂಡ್ಸ್‌ನ ಅನುಭವವನ್ನು ಈ ಧಾಟಿಯಲ್ಲಿ ಓದಹೊರಟರೆ ಮುಖ್ಯವಾದದ್ದೇ ಕೈತಪ್ಪುತ್ತದೆ. ಆ ದೇಶದ ತನಿಖೆ ತೀರಾ ಕೆಟ್ಟದಾಗಿ ಎಡವಿದ ಎರಡು ಪ್ರಕರಣಗಳಲ್ಲಿ ಕುರುಹು ಸಿಕ್ಕಿತ್ತು, ಅದನ್ನು ಕೆಡದಂತೆ ಇಟ್ಟಿದ್ದರು, ಪ್ರಯೋಗಾಲಯ ಸರಿಯಾದ ಉತ್ತರವನ್ನೂ ಕೊಟ್ಟಿತ್ತು. ಆದರೆ ತನಿಖಾ ತಂಡ ಅಷ್ಟರಲ್ಲೇ ನಂಬಿಬಿಟ್ಟಿದ್ದ ಕಥೆಯ ಮುಂದೆ ಆ ಉತ್ತರ ನಿಲ್ಲಲಿಲ್ಲ. ಹಾಗಾಗಿ ಅಲ್ಲಿನ ನಿಜವಾದ ಬದಲಾವಣೆ ಹೊಸ ಯಂತ್ರಗಳಿಂದ ಆದದ್ದಲ್ಲ, ಕುರುಹನ್ನು ಕಂಡವರಿಗೂ ಅದರ ಕಥೆ ಹೇಳುವವರಿಗೂ ನಡುವೆ ಒಂದು ಅಂತರವನ್ನು 2005ರ ನಂತರ ಬೇಕೆಂದೇ ಕಟ್ಟಿಕೊಂಡದ್ದರಿಂದ ಆದದ್ದು ಎಂಬುದು ಈ ಲೇಖನದ ವಾದ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಅಂತರದ ಪ್ರಶ್ನೆಯೇ ಇರಲಿಲ್ಲ. ಆಸ್ಟ್ರಿಯಾದ ಹಾನ್ಸ್ ಗ್ರೋಸ್ 1893ರಲ್ಲಿ ತನಿಖಾ ನ್ಯಾಯಾಧೀಶರಿಗಾಗಿ ಕೈಪಿಡಿ ಬರೆದಿದ್ದ. ಎಡ್ಮಂಡ್ ಲೊಕಾರ್ಡ್ 1910ರಲ್ಲಿ ಲಿಯಾನ್‌ನಲ್ಲಿ ಪೊಲೀಸ್ ಪ್ರಯೋಗಾಲಯ ತೆರೆದಿದ್ದ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆ ಪಾತ್ರ ವಹಿಸಿದವರು ಕೋ ಫಾನ್ ಲೆಡ್ಡನ್ ಹುಲ್ಸೆಬಾಸ್ (1877–1952). ಔಷಧಶಾಸ್ತ್ರ ಮತ್ತು ರಸಾಯನಶಾಸ್ತ್ರ ಅವರಿಗೆ ಮನೆತನದಿಂದ ಬಂದ ವಿದ್ಯೆ. ತಂದೆಯೂ ಸೂಕ್ಷ್ಮದರ್ಶಕದ ಕೆಲಸದಲ್ಲಿ ಹೆಸರಾದವರೇ. ಮಗ ಆಮ್‌ಸ್ಟರ್‌ಡ್ಯಾಮ್ ಪೊಲೀಸರ ವೈಜ್ಞಾನಿಕ ಸಲಹೆಗಾರರಾದರು, 1929ರಲ್ಲಿ ಲೊಸಾನ್‌ನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಅಪರಾಧಶೋಧ ಅಕಾಡೆಮಿಯ ಸ್ಥಾಪಕರಲ್ಲಿ ಒಬ್ಬರಾದರು, 1945ರಲ್ಲಿ ತಮ್ಮ ನಲವತ್ತು ವರ್ಷಗಳ ಪತ್ತೇದಾರಿ ಕೆಲಸದ ನೆನಪುಗಳನ್ನು ಪ್ರಕಟಿಸಿದರು. ಸ್ಥಳಕ್ಕೆ ಹೋಗುವವರೂ, ಪರೀಕ್ಷೆ ಮಾಡುವವರೂ, ನ್ಯಾಯಾಲಯದಲ್ಲಿ ವಿವರಿಸುವವರೂ ಆ ಕಾಲದಲ್ಲಿ ಒಬ್ಬರೇ ಆಗಿರಬಹುದಿತ್ತು. ಅದೇ 1945ರಲ್ಲಿ ನ್ಯಾಯಾಂಗ ಪ್ರಯೋಗಾಲಯವೂ 1951ರಲ್ಲಿ ನ್ಯಾಯವೈದ್ಯಕೀಯ ಪ್ರಯೋಗಾಲಯವೂ ಸ್ಥಾಪನೆಯಾದವು. 1999ರಲ್ಲಿ ಎರಡೂ ಕೂಡಿ ಇಂದು ಹೇಗ್ ನಗರದಲ್ಲಿರುವ ನೆದರ್ಲೆಂಡ್ಸ್ ಫೊರೆನ್ಸಿಕ್ ಸಂಸ್ಥೆ, ಅಂದರೆ ಎನ್‌ಎಫ್‌ಐ ಆಯಿತು. ವಿಜ್ಞಾನಿಗಳು ನ್ಯಾಯ ಸಚಿವಾಲಯದ ಕೆಳಗೆ ಸೇರಿದರು, ಸ್ಥಳದ ಕೆಲಸ ಪೊಲೀಸರ ತಾಂತ್ರಿಕ ವಿಭಾಗದ ಪಾಲಿಗೆ ಉಳಿಯಿತು. ಮೊದಲು ಒಬ್ಬನೇ ಮಾಡುತ್ತಿದ್ದ ಕೆಲಸ ಎರಡು ಕಟ್ಟಡಗಳಿಗೆ ಹಂಚಿಹೋದಾಗ ಅವುಗಳ ನಡುವೆ ಓಡಾಡಲು ಉಳಿದದ್ದು ಕಾಗದ.

ಆ ಕಾಗದದ ತೂಕ ನೆದರ್ಲೆಂಡ್ಸ್‌ನಲ್ಲಿ ನಮ್ಮ ಊಹೆಗೂ ಮೀರಿದ್ದು. ಅಲ್ಲಿ 1813ರಿಂದ ಜ್ಯೂರಿ ಇಲ್ಲ. 1926ರ ಜನವರಿಯಲ್ಲಿ ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆ ಸಾಕ್ಷಿಗಳು ನ್ಯಾಯಾಲಯದಲ್ಲೇ ನುಡಿಯಬೇಕೆಂಬ ಆಶಯ ಹೊಂದಿತ್ತು. ಆದರೆ ಅದೇ ವರ್ಷ ಡಿಸೆಂಬರ್ 20ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಇನ್ನೊಬ್ಬರಿಂದ ಕೇಳಿದ ಮಾತೂ ಸಾಕ್ಷ್ಯವಾಗಬಹುದೆಂದು ತೀರ್ಪಿತ್ತಿತು. ಅಲ್ಲಿಂದಾಚೆಗೆ ಸಾಕ್ಷಿಯ ಹೇಳಿಕೆ ಪೊಲೀಸ್ ವರದಿಯ ರೂಪದಲ್ಲೇ ನ್ಯಾಯಾಧೀಶರ ಮೇಜಿಗೆ ಬರಲು ದಾರಿಯಾಯಿತು. ತನಿಖಾಧಿಕಾರಿ ತನ್ನ ಹುದ್ದೆಯ ಪ್ರಮಾಣದ ಮೇಲೆ ಬರೆದ ವರದಿ ಒಂದೇ ಇದ್ದರೂ ಆರೋಪ ಸಾಬೀತಾಯಿತೆಂದು ನ್ಯಾಯಾಧೀಶರು ಒಪ್ಪಬಹುದು. ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ನಮ್ಮಲ್ಲಿ ನಂಬಿಕೆಯ ಲೆಕ್ಕಾಚಾರ ಬೇರೆ. ಕರ್ನಾಟಕದ ಪೊಲೀಸರು ಸ್ಥಳ ಮಹಜರು ಬರೆಯುವಾಗ ಪಂಚರನ್ನು ಕರೆಸಿ ಸಹಿ ಹಾಕಿಸುತ್ತಾರೆ, ಆ ಪಂಚರನ್ನು ಮುಂದೆ ಕಟಕಟೆಗೆ ಕರೆದು ಪಾಟೀಸವಾಲು ಮಾಡುತ್ತಾರೆ. ಪಂಚರು ತಿರುಗಿಬೀಳುವುದು, ಓದದೆ ಸಹಿ ಹಾಕಿದ್ದೇವೆ ಎನ್ನುವುದು ನಮ್ಮ ನ್ಯಾಯಾಲಯಗಳ ನಿತ್ಯದ ಸಂಗತಿ. ಆ ವ್ಯವಸ್ಥೆಯ ದೌರ್ಬಲ್ಯ ಏನೇ ಇರಲಿ, ಪೊಲೀಸರ ಬರವಣಿಗೆಯನ್ನು ಅದು ಮೊದಲೇ ಅನುಮಾನಿಸುತ್ತದೆ. ಡಚ್ ವ್ಯವಸ್ಥೆ ಮೊದಲೇ ನಂಬುತ್ತದೆ. ಹಾಗಾಗಿ ಕಡತದಲ್ಲಿ ಬಿಟ್ಟುಹೋದ ಒಂದು ವಾಕ್ಯಕ್ಕೆ ಅಲ್ಲಿ ತೆರಬೇಕಾದ ಬೆಲೆ ಇಲ್ಲಿಗಿಂತ ಹೆಚ್ಚು.

1994ರ ಜನವರಿಯಲ್ಲಿ ಪುಟ್ಟನ್ ಎಂಬ ಊರಿನಲ್ಲಿ ಯುವತಿಯೊಬ್ಬಳ ಕೊಲೆಯಾಯಿತು. ಅವಳ ದೇಹದ ಮೇಲೆ ಸಿಕ್ಕ ವೀರ್ಯದ ಕಲೆಯನ್ನು ತನಿಖೆಯವರು ಸಂಗ್ರಹಿಸಿದರು. ಅದರ ಡಿಎನ್‌ಎ ಬಂಧಿತರಾದ ಇಬ್ಬರಲ್ಲಿ ಯಾರದ್ದೂ ಅಲ್ಲವೆಂದು ಪರೀಕ್ಷೆ ಹೇಳಿತು. ಅಲ್ಲಿಗೇ ಕಥೆ ಮುರಿದುಬೀಳಬೇಕಿತ್ತು. ಬದಲಿಗೆ, ಆ ಕಲೆ ಹಿಂದೊಮ್ಮೆ ನಡೆದ ಸಮ್ಮತ ಸಂಬಂಧದ್ದು, ಅತ್ಯಾಚಾರದ ಹೊತ್ತಿನಲ್ಲಿ ಹೊರಗೆ ಎಳೆಯಲ್ಪಟ್ಟದ್ದು ಎಂಬ ವಿವರಣೆಯೊಂದು ಹುಟ್ಟಿಕೊಂಡಿತು. ಇಬ್ಬರಿಗೂ ತಲಾ ಹತ್ತು ವರ್ಷ ಶಿಕ್ಷೆಯಾಯಿತು. ಆ ವಿವರಣೆಗೆ ಬೆಂಬಲ ಕೊಟ್ಟಿದ್ದ ತಜ್ಞರು ತಮ್ಮ ಅಭಿಪ್ರಾಯ ಬದಲಿಸಿದ ಮೇಲೆ ಪ್ರಕರಣದ ಮರುವಿಚಾರಣೆಗೆ ದಾರಿಯಾಗಿ 2002ರಲ್ಲಿ ಇಬ್ಬರೂ ಖುಲಾಸೆಯಾದರು. 2008ರಲ್ಲಿ ಅದೇ ಕಲೆ ಬೇರೊಬ್ಬನತ್ತ ಬೊಟ್ಟು ಮಾಡಿತು, ಮರುವರ್ಷ ಅವನಿಗೆ ಶಿಕ್ಷೆಯಾಯಿತು. ಹದಿನಾಲ್ಕು ವರ್ಷ ಆ ಕುರುಹು ಹೇಳುತ್ತಿದ್ದದ್ದು ಒಂದೇ ಮಾತು.

2000ದ ಜೂನ್ 22ರಂದು ಸ್ಖೀಡಾಮ್ ನಗರದ ಬೆಯಾಟ್ರಿಕ್ಸ್ ಉದ್ಯಾನದಲ್ಲಿ ನಡೆದದ್ದು ಇನ್ನೂ ಕಠೋರ. ಹತ್ತು ವರ್ಷದ ಬಾಲಕಿ ಕೊಲೆಯಾದಳು. ಜೊತೆಗಿದ್ದ ಹನ್ನೊಂದರ ಬಾಲಕ ಸತ್ತಂತೆ ಬಿದ್ದುಕೊಂಡು ಬದುಕಿ ಉಳಿದ. ಅವನು ದಾಳಿಕೋರನ ಮುಖಲಕ್ಷಣವನ್ನು ಹೇಳಿದ. ಬಾಲಕಿಯ ದೇಹದಿಂದಲೂ ಬೂಟಿನಿಂದಲೂ ಅಪರಿಚಿತ ಪುರುಷನೊಬ್ಬನ ಡಿಎನ್‌ಎ ಸಿಕ್ಕಿತು. ಆದರೆ ಪೊಲೀಸರ ಗಮನ ನೆಟ್ಟದ್ದು, ಆ ದಾರಿಯಲ್ಲಿ ಬಂದು ಮಕ್ಕಳ ಸುದ್ದಿಯನ್ನು ಪೊಲೀಸರಿಗೆ ತಿಳಿಸಿದ್ದ ವ್ಯಕ್ತಿಯ ಮೇಲೆಯೇ. ಬಾಲಕನ ವರ್ಣನೆ ಅವನಿಗೆ ಹೊಂದುತ್ತಿರಲಿಲ್ಲ, ಡಿಎನ್‌ಎಯೂ ಅವನದ್ದಲ್ಲ. ವಿಚಾರಣೆಯಲ್ಲಿ ತಪ್ಪೊಪ್ಪಿಕೊಂಡ ಅವನು ಬೇಗನೆ ಆ ಹೇಳಿಕೆಯನ್ನು ಹಿಂತೆಗೆದುಕೊಂಡ. ಆದರೂ ಶಿಕ್ಷೆಯಾಯಿತು, ಮೇಲ್ಮನವಿಯಲ್ಲೂ ಅದು ಖಾಯಂ ಆಯಿತು. 2004ರಲ್ಲಿ ಬೇರೆ ಪ್ರಕರಣದಲ್ಲಿ ಬಂಧನದಲ್ಲಿದ್ದವನೊಬ್ಬ ತಾನೇ ಕೊಲೆಗಾರ ಎಂದ, ಡಿಎನ್‌ಎ ಅವನಿಗೆ ತಾಳೆಯಾಯಿತು. ಅಭಿಯೋಜಕ ಫ್ರಿಟ್ಸ್ ಪೋಸ್ಟ್‌ಹ್ಯೂಮುಸ್ 2005ರ ಸೆಪ್ಟೆಂಬರ್‌ನಲ್ಲಿ ಸಲ್ಲಿಸಿದ ಪರಿಶೀಲನಾ ವರದಿ ಈ ಲೇಖನದ ವಾದಕ್ಕೆ ಮುಖ್ಯ ಆಧಾರ. ಆರೋಪಿಯೇ ಅಪರಾಧಿಯೇ ಎಂಬ ಬಗ್ಗೆ ಎನ್‌ಎಫ್‌ಐನ ವಿಜ್ಞಾನಿಗಳಿಗಿದ್ದ ಅನುಮಾನ ಅಭಿಯೋಜಕರೊಂದಿಗಿನ ಮಾತುಕತೆಯಲ್ಲಿ ಪ್ರಸ್ತಾಪವಾಗಿದ್ದರೂ ನ್ಯಾಯಾಲಯದ ಮುಂದೆ ಬಂದಿರಲಿಲ್ಲ. ಕಡತವನ್ನೇ ನಂಬುವ ವ್ಯವಸ್ಥೆಯಲ್ಲಿ ಕಡತಕ್ಕೆ ಸೇರದ ಅನುಮಾನ ಇದ್ದೂ ಇಲ್ಲದಂತೆ.

ಮೂರನೆಯ ಸಂಗತಿಯನ್ನು ಚಿಕ್ಕದಾಗಿ ಹೇಳಿದರೂ ಸಾಕು. ದೇಶದ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಶ್ವಾನದಳದವರು ಸ್ಥಳದ ವಸ್ತುವಿನ ವಾಸನೆಯನ್ನು ಶಂಕಿತರ ವಾಸನೆಯೊಂದಿಗೆ ತಾಳೆ ನೋಡುವ ಪರೀಕ್ಷೆ ನಡೆಸುತ್ತಿದ್ದರು. ಶಂಕಿತ ಹಿಡಿದಿದ್ದ ಕೊಳವೆ ಸಾಲಿನಲ್ಲಿ ಎಲ್ಲಿದೆಯೆಂದು ನಾಯಿ ಹಿಡಿದವರಿಗೆ ಗೊತ್ತಿರಬಾರದು ಎಂಬುದು ನಿಯಮ. 1997ರಿಂದ 2006ರವರೆಗೆ ಅವರಿಗೆ ಅದು ಗೊತ್ತಿರುತ್ತಿತ್ತು ಎಂದು ಬಯಲಾಯಿತು. ನಾಯಿಯ ಮೂಗಿನಲ್ಲಿ ದೋಷವಿರಲಿಲ್ಲ. ಹಗ್ಗದ ಇನ್ನೊಂದು ತುದಿಯಲ್ಲಿದ್ದವನಿಗೆ ಉತ್ತರ ಮೊದಲೇ ತಿಳಿದಿತ್ತು.

ಪೋಸ್ಟ್‌ಹ್ಯೂಮುಸ್ ವರದಿಯ ನಂತರ ಕೈಗೊಂಡ ಸುಧಾರಣೆಗಳ ಗುರಿ ಈ ತಿಳಿವಿನ ಹರಿವನ್ನು ಹತೋಟಿಗೆ ತರುವುದೇ ಆಗಿತ್ತು. ದೊಡ್ಡ ಪ್ರಕರಣಗಳಲ್ಲಿ ತಂಡದ ನಂಬಿಕೆಗೆ ಎದುರುವಾದ ಹೂಡುವ ಹೊಣೆಯನ್ನು ಕೆಲವರಿಗೆ ವಹಿಸಲಾಯಿತು. ಮುಗಿದ ಪ್ರಕರಣಗಳ ಮರುಪರಿಶೀಲನೆಗೆ 2006ರಲ್ಲಿ ಸಮಿತಿ ಬಂತು. 2010ರಲ್ಲಿ ನ್ಯಾಯಾಲಯದ ತಜ್ಞರ ಕಾಯಿದೆ ಜಾರಿಯಾಯಿತು. ವಿಧಿವಿಜ್ಞಾನ ಓದಿದ ಪದವೀಧರರು ಪೊಲೀಸ್ ಪಡೆಗೆ ಸೇರತೊಡಗಿದರು. 2013ರಲ್ಲಿ ಪ್ರಾದೇಶಿಕ ಪಡೆಗಳೆಲ್ಲ ಒಂದೇ ರಾಷ್ಟ್ರೀಯ ಪೊಲೀಸ್ ಆದವು. ಇಂದು ಅಲ್ಲಿ ಕೊಲೆಯಾದ ಮನೆಗೆ ಮೊದಲು ತಲುಪುವ ಪೇದೆಯ ಕೆಲಸ ಗಾಯಾಳುವಿದ್ದರೆ ಉಳಿಸುವುದು, ಕೆಂಪು–ಬಿಳಿ ಪಟ್ಟಿ ಕಟ್ಟುವುದು, ಒಳಗೆ ಹೋದವರ ಹೆಸರು ಮತ್ತು ಹೊತ್ತು ಬರೆದಿಡುವುದು. ಬಿಳಿ ಮೇಲುಡುಪು, ಕೈಗವಸು, ಮುಖಗವಸು ತೊಟ್ಟು ಬಂದ ತಜ್ಞರು ದುಷ್ಕರ್ಮಿ ಓಡಾಡಿರಲಾರದ ಒಂದು ದಾರಿಯನ್ನು ಆರಿಸಿ ಅದರಲ್ಲೇ ನಡೆಯುತ್ತಾರೆ. ಫೋಟೊ ತೆಗೆಯುವ ಮುನ್ನ ಯಾವುದನ್ನೂ ಮುಟ್ಟುವುದಿಲ್ಲ. ಎತ್ತಿದ ಪ್ರತಿ ಕುರುಹಿನ ಪೊಟ್ಟಣಕ್ಕೂ ನಾಲ್ಕು ಅಕ್ಷರ, ನಾಲ್ಕು ಅಂಕಿ, ಕೊನೆಗೆ ದೇಶದ ಸಂಕೇತವಿರುವ ಬಾರ್‌ಕೋಡ್ ಚೀಟಿ ಅಂಟುತ್ತದೆ. ಪ್ರಯೋಗಾಲಯದಲ್ಲೂ ಕಡತದಲ್ಲೂ ಆ ಕುರುಹಿಗೆ ಅದೇ ಗುರುತು. ಆ ಸಂಖ್ಯೆ ಯಾರ ಮೇಲೂ ಆರೋಪ ಹೊರಿಸುವುದಿಲ್ಲ, ಯಾವ ಊಹೆಯನ್ನೂ ಹೊತ್ತು ತರುವುದಿಲ್ಲ. ಇಡೀ ಸುಧಾರಣೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಈ ಪುಟ್ಟ ಚೀಟಿ.

ಕೊನೆಗೂ ನಿರಪರಾಧಿಗಳನ್ನು ಬಿಡಿಸಿದ್ದು ಡಿಎನ್‌ಎ ವಿಜ್ಞಾನವೇ ಅಲ್ಲವೇ ಎಂಬ ಆಕ್ಷೇಪಕ್ಕೆ ಬಲವಿದೆ. ಪುಟ್ಟನ್‌ನ ನಿಜವಾದ ಅಪರಾಧಿ ಸಿಕ್ಕಿದ್ದು ಡಿಎನ್‌ಎಯಿಂದ, ಶಿಕ್ಷೆಗೊಳಗಾದವರ ಡಿಎನ್‌ಎ ಸಂಗ್ರಹಿಸುವ 2005ರ ಕಾನೂನು ಇದ್ದುದರಿಂದ. ಆದರೆ ಅಪರಾಧಿ ಯಾರೆಂದು ಹೇಳುವುದು ಬೇರೆ, ಇವರಲ್ಲವೆಂದು ಹೇಳುವುದು ಬೇರೆ. ಎರಡನೆಯದನ್ನು ವಿಜ್ಞಾನ ಎರಡೂ ಪ್ರಕರಣಗಳಲ್ಲಿ ಶಿಕ್ಷೆಗೆ ಮೊದಲೇ ಹೇಳಿ ಮುಗಿಸಿತ್ತು. ಇನ್ನೂ ಸೂಕ್ಷ್ಮವಾದ ಯಂತ್ರವಿದ್ದಿದ್ದರೂ ಆ ದಿನಗಳಲ್ಲಿ ಅದರ ಉತ್ತರಕ್ಕೂ ಒಂದು ಸಮಜಾಯಿಷಿ ಸಿದ್ಧವಾಗುತ್ತಿತ್ತು.

ಇನ್ನೊಂದು ಆಕ್ಷೇಪ ವೃತ್ತಿಯ ಒಳಗಿನದು, ಅದನ್ನು ತಳ್ಳಿಹಾಕುವುದು ಸುಲಭವಲ್ಲ. ಏನು ನಡೆದಿರಬಹುದೆಂಬ ಅಂದಾಜೇ ಇಲ್ಲದೆ ಸ್ಥಳಕ್ಕಿಳಿದರೆ ಎಲ್ಲಿ ಹುಡುಕಬೇಕು? ಮನೆಯೊಂದರಲ್ಲಿ ಸಾವಿರ ಕುರುಹುಗಳಿರುತ್ತವೆ. ಎಲ್ಲವನ್ನೂ ಎತ್ತಿ ತರಲಾಗದು. ಇದು ನಿಜ. ಹಾಗಿದ್ದರೂ, ಕ್ಲೇರ್ ಫಾನ್ ಡೆನ್ ಏಡನ್, ಕ್ರಿಸ್ಟಿಯಾನ ಡೆ ಪೋಟ್, ಪೀಟರ್ ಫಾನ್ ಕೊಪ್ಪನ್ 2016ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಒಂದೇ ಬಗೆಯ ಅಣಕು ಸ್ಥಳವನ್ನು ತನಿಖಾ ತಜ್ಞರಿಗೆ ತೋರಿಸುವ ಮೊದಲು ಕೆಲವರಿಗೆ ಆತ್ಮಹತ್ಯೆಯ ಸುಳಿವನ್ನೂ ಕೆಲವರಿಗೆ ಹಿಂಸೆಯಿಂದಾದ ಸಾವಿನ ಸುಳಿವನ್ನೂ ಕೊಡಲಾಯಿತು. ಅವರ ಮೊದಲ ಅಭಿಪ್ರಾಯ ಕೇಳಿಬಂದ ಸುಳಿವಿನತ್ತ ವಾಲಿತು. ಅನುಭವಸ್ಥರ ಕಣ್ಣಿಗೂ ಇದರಿಂದ ವಿನಾಯಿತಿಯಿಲ್ಲ. ಅಂದಾಜನ್ನು ನಿಷೇಧಿಸುವುದು ಇದಕ್ಕೆ ಪರಿಹಾರವಲ್ಲ. ಒಂದರ ಜಾಗದಲ್ಲಿ ಎರಡು ಮೂರು ಅಂದಾಜುಗಳನ್ನು ಸ್ಥಳಕ್ಕೆ ಒಯ್ಯಬೇಕು, ಪ್ರತಿಯೊಂದನ್ನೂ ಸುಳ್ಳಾಗಿಸಬಲ್ಲ ಕುರುಹನ್ನೂ ಹುಡುಕಬೇಕು. ಗಂಭೀರ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗುವುದನ್ನು ನಮ್ಮ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು ಕಡ್ಡಾಯ ಮಾಡಿರುವ ಈ ಹೊತ್ತಿನಲ್ಲಿ ಕರ್ನಾಟಕಕ್ಕೂ ಈ ಪ್ರಶ್ನೆ ದೂರದ್ದಲ್ಲ. ತಜ್ಞರು ಹೋಗುತ್ತಾರೋ ಇಲ್ಲವೋ ಎಂಬುದರಷ್ಟೇ, ಠಾಣೆಯವರು ಅವರ ಕಿವಿಗೆ ಮೊದಲೇ ಏನು ಹಾಕಿ ಕಳಿಸುತ್ತಾರೆ ಎಂಬುದೂ ಮುಖ್ಯ.

ಸ್ಥಳದಲ್ಲೇ ಅಥವಾ ಅದರ ಸಮೀಪದಲ್ಲೇ ಡಿಎನ್‌ಎಯನ್ನು ಬೇಗ ಓದುವ ಪ್ರಯೋಗಗಳು ನೆದರ್ಲೆಂಡ್ಸ್‌ನಲ್ಲಿ ಈಗ ಆ ಅಂತರವನ್ನು ಮತ್ತೆ ಕಿರಿದಾಗಿಸುತ್ತಿವೆ. ಹುಡುಕಾಟ ಮುಗಿಯುವ ಮೊದಲೇ ಹೆಸರೊಂದು ತಜ್ಞರ ಕೈಗೆ ಬರುವ ಸಾಧ್ಯತೆಯಿದೆ. ಓಡಿಹೋಗುತ್ತಿರುವವನನ್ನು ಹಿಡಿಯಲು ಅದು ನೆರವಾದೀತು, ಆ ಲಾಭವನ್ನು ಬೇಡವೆನ್ನಲಾಗದು. ಆದರೆ ಆ ಹೆಸರು ಯಾವ ಹೊತ್ತಿಗೆ ತಿಳಿಯಿತು, ಅದಕ್ಕೆ ಮೊದಲು ಎತ್ತಿದ ಕುರುಹುಗಳು ಯಾವುವು, ಆಮೇಲೆ ಎತ್ತಿದವು ಯಾವುವು ಎಂಬುದು ಸ್ಥಳದ ವರದಿಯಲ್ಲಿ ಗಂಟೆ ನಿಮಿಷಗಳ ಸಮೇತ ದಾಖಲಾಗಬೇಕು. ಆ ವರದಿಯನ್ನೇ ನಂಬಿ ತೀರ್ಪು ಬರೆಯುವ ನ್ಯಾಯಾಧೀಶರು ಅದನ್ನು ಕೇಳಿ ಪಡೆಯಬೇಕು.