ಟರ್ಬೊ: ಬಲಕ್ಕೂ ಮಿತವ್ಯಯಕ್ಕೂ ನಡುವಿನ ನೂರು ವರ್ಷಗಳ ಜಗ್ಗಾಟ

ವೆಂಬ್ಲಿಯ ನಮ್ಮ ಕನ್ನಡ ಕುಟುಂಬಗಳಿಗೆ ಕಾರು ಎಂಬುದು ಶಾಲೆ, ಆಸ್ಪತ್ರೆಯ ಪಾಳಿ, ದೇವಸ್ಥಾನ, ಹಬ್ಬದ ಕೂಟ ಇವೆಲ್ಲವನ್ನೂ ಜೋಡಿಸುವ ಕೊಂಡಿ. ದಿನನಿತ್ಯ ಓಡಿಸುವ ಇಂತಹ ಕಾರಿನ ಟರ್ಬೊ ಒತ್ತಡವನ್ನು ಏರಿಸಿ, 'ರೀಮ್ಯಾಪ್' ಮಾಡಿಸಿ, ಹೆಚ್ಚು ಬಲವನ್ನೂ ಹೆಚ್ಚು ಮೈಲೇಜನ್ನೂ ಒಟ್ಟಿಗೇ ಪಡೆಯಬಹುದೇ ಎಂದು ನಮ್ಮ ಯುವಕರು ಆಗಾಗ ಕೇಳುತ್ತಾರೆ. ಈ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಟರ್ಬೊ ಕಲ್ಪನೆಗೆ ಪೇಟೆಂಟ್ ಪಡೆದನು. ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಬಿಸಿ ಹೊಗೆಯಾಗಿ ವ್ಯರ್ಥವಾಗುತ್ತದೆ. ಆ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದರ ಬಲದಿಂದ ಎಂಜಿನ್ನಿನೊಳಕ್ಕೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವುದು ಅವನ ಉಪಾಯ. ವೈದ್ಯರಾದ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ಉಣ್ಣುವ ಅನ್ನ ಎಷ್ಟಿದ್ದರೂ ಉಸಿರು ಸಾಲದಿದ್ದರೆ ದೇಹ ದುಡಿಯಲಾರದು. ವೆಂಬ್ಲಿಯಲ್ಲಿ ಸಾಮ್ರಾಜ್ಯ ಪ್ರದರ್ಶನ ನಡೆಯುತ್ತಿದ್ದ 1925ರಲ್ಲಿಯೇ ಬ್ಯೂಕಿ ಡೀಸೆಲ್ ಎಂಜಿನ್ನಿನ ಬಲವನ್ನು ಶೇಕಡಾ 40ಕ್ಕೂ ಹೆಚ್ಚು ಏರಿಸಿ ತೋರಿಸಿದನು.

ಕಾರುಗಳಿಗೆ ಟರ್ಬೊ ಬಂದದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೈಲ್ ಮತ್ತು ಷೆವರ್ಲೆ ಕಂಪನಿಗಳಿಂದ. ಯುರೋಪಿನಲ್ಲಿ ಬಿಎಂಡಬ್ಲ್ಯು 2002 ಟರ್ಬೊ 1973ರಲ್ಲಿ, 170 ಅಶ್ವಶಕ್ತಿಯೊಡನೆ ಪ್ರಕಟವಾಯಿತು. ಆದರೆ ಅದೇ ಅಕ್ಟೋಬರಿನಲ್ಲಿ ತೈಲ ಬಿಕ್ಕಟ್ಟು ಎರಗಿತು. ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಚೀಟಿಗಳನ್ನು ಹಂಚಲಾಯಿತು; ವೇಗದ ಮಿತಿಯನ್ನು 50 ಮೈಲಿಗೆ ಇಳಿಸಲಾಯಿತು. ಕೇವಲ 1,672 ಕಾರುಗಳೊಡನೆ ಆ ಬಲಶಾಲಿಯ ಕಥೆ ಮುಗಿಯಿತು.

ಇದರಿಂದ ಪಾಠ ಕಲಿತವರು ಸ್ವೀಡನ್ನಿನ ಸಾಬ್ ಕಂಪನಿಯವರು. 1977ರಲ್ಲಿ ತೋರಿಸಿದ ಅವರ 99 ಟರ್ಬೊ ಪಂದ್ಯದ ಕಾರಾಗಿರಲಿಲ್ಲ, ಕುಟುಂಬದ ಕಾರಾಗಿತ್ತು. ಎಂಜಿನ್ ಗಾತ್ರವನ್ನು ಹಿಗ್ಗಿಸದೆ, ಸಾಮಾನ್ಯ ವೇಗದಲ್ಲಿಯೇ ಟರ್ಬೊ ನೆರವಾಗುವಂತೆ ಅದನ್ನು ಹೊಂದಿಸಲಾಗಿತ್ತು. ಮುಂದೆ ಎಂಜಿನ್ನಿನ ನಾಕಿಂಗ್ ಬಡಿತವನ್ನು ಆಲಿಸಿ ಒತ್ತಡವನ್ನು ತಾನೇ ತಗ್ಗಿಸುವ ವ್ಯವಸ್ಥೆಯನ್ನೂ ಅವರು ತಂದರು. ಇಂದಿನ ಟರ್ಬೊ ಕಾರುಗಳೆಲ್ಲವೂ ಬಹುಮಟ್ಟಿಗೆ ಇದೇ ದಾರಿಯಲ್ಲಿ ಸಾಗುತ್ತಿವೆ. ಎಸೆಕ್ಸ್‌ನ ಡಂಟನ್‌ನಲ್ಲಿ ರೂಪುಗೊಂಡು 2012ರಲ್ಲಿ ಬಂದ ಫೋರ್ಡ್‌ನ ಒಂದು ಲೀಟರ್ ಇಕೋಬೂಸ್ಟ್ ಎಂಜಿನ್ನಿನ ಬುಡ ಒಂದು ಎ4 ಹಾಳೆಯಷ್ಟೇ ಅಗಲ. ಊರಿಗೆ ಹೋದಾಗ ನಮ್ಮನ್ನು ವಿಮಾನ ನಿಲ್ದಾಣದಿಂದ ಮೈಸೂರಿಗೋ ಹಾಸನಕ್ಕೋ ಒಯ್ಯುವ ಇನ್ನೋವಾ ಕೂಡ ಈ ವಂಶದ್ದೇ: 2005ರಲ್ಲಿ ಬಿಡದಿಯ ಕಾರ್ಖಾನೆಯಿಂದ ಅದು 2.5 ಲೀಟರ್ ಟರ್ಬೊ ಡೀಸೆಲ್ಲಿನೊಡನೆ ಹೊರಬಂದಿತು.

ಹಾಗಾದರೆ ಟರ್ಬೊ ಇಂಧನ ಉಳಿಸುತ್ತದೆಯೇ? ಉಳಿಸುವುದು ಟರ್ಬೊ ಅಲ್ಲ, ಎಂಜಿನ್ನಿನ ಚಿಕ್ಕ ಗಾತ್ರ. ಚಿಕ್ಕ ಎಂಜಿನ್ನಿನಲ್ಲಿ ಘರ್ಷಣೆಯ ನಷ್ಟ ಕಡಿಮೆ. ಟರ್ಬೊ ಬೇಕಾದಾಗ ಮಾತ್ರ ದೊಡ್ಡ ಎಂಜಿನ್ನಿನ ಬಲವನ್ನು ಕೊಡುತ್ತದೆ. ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿಯನ್ನು ಹೆಚ್ಚು ತುಂಬಿದಾಗ ಪೆಟ್ರೋಲನ್ನೂ ಹೆಚ್ಚು ಸುರಿಯಲೇಬೇಕು. ಕಾಲೊತ್ತಿ ಓಡಿಸಿದರೆ, ಬಿಸಿಯನ್ನು ತಣಿಸಲೆಂದೇ ಎಂಜಿನ್ ಇನ್ನಷ್ಟು ಇಂಧನವನ್ನು ಕುಡಿಯುತ್ತದೆ. ಆದ್ದರಿಂದ ಒತ್ತಡ ಏರಿಸಿದ ಕಾರು ಹಗುರ ಕಾಲಿನವನಿಗೆ ಮೊದಲಿನಷ್ಟೇ ಮಿತವ್ಯಯಿಯಾಗಿರಬಹುದು. ಆದರೆ ಹೊಸ ಬಲವನ್ನು ಸವಿಯಹೊರಟವನು ಅದರ ಬೆಲೆಯನ್ನು ಪಂಪಿನಲ್ಲಿ ತೆರುತ್ತಾನೆ. ಒತ್ತಡ ಹೆಚ್ಚಿದಷ್ಟೂ ಕ್ಲಚ್ಚು, ಗ್ಯಾಸ್ಕೆಟ್ಟು, ಟರ್ಬೊ ಬೇರಿಂಗುಗಳ ಮೇಲಿನ ಭಾರವೂ ಹೆಚ್ಚುತ್ತದೆ.

ಈ ಲೆಕ್ಕದಲ್ಲಿ ಬಹುಕಾಲ ಕೈಬಿಟ್ಟುಹೋದ ಅಂಶವೊಂದಿದೆ: ಹೊಗೆ. 2001ರಿಂದ ಬ್ರಿಟನ್ನಿನಲ್ಲಿ ಕಾರು ತೆರಿಗೆ ಇಂಗಾಲದ ಡೈಆಕ್ಸೈಡನ್ನು ಆಧರಿಸಿತು. ಕಡಿಮೆ ಇಂಧನ ಸುಡುವ ಟರ್ಬೊ ಡೀಸೆಲ್ ಜನಪ್ರಿಯವಾಗಿ, ಹತ್ತು ವರ್ಷಗಳಲ್ಲಿ ಹೊಸ ಕಾರುಗಳ ಅರ್ಧದಷ್ಟನ್ನು ಆಕ್ರಮಿಸಿತು. ಆದರೆ ಅದು ಉಗುಳುವ ನೈಟ್ರೋಜನ್ ಆಕ್ಸೈಡುಗಳು ಶ್ವಾಸಕೋಶವನ್ನು ಕೆರಳಿಸುತ್ತವೆ. ಪರೀಕ್ಷಾಲಯದ ಅಂಕಿಗಳಿಗೂ ರಸ್ತೆಯ ಸತ್ಯಕ್ಕೂ ಇರುವ ಅಂತರವನ್ನು 2015ರ ಫೋಕ್ಸ್‌ವ್ಯಾಗನ್ ಹಗರಣ ಬಯಲಿಗೆಳೆಯಿತು. ಲಂಡನ್ನಿನ ಸೌತ್ ಸರ್ಕ್ಯುಲರ್ ರಸ್ತೆಯ ಬಳಿ ವಾಸಿಸುತ್ತಿದ್ದ ಎಲಾ ಕಿಸ್ಸಿ-ಡೆಬ್ರಾ ಎಂಬ ಒಂಬತ್ತು ವರ್ಷದ ಬಾಲಕಿ 2013ರಲ್ಲಿ ತೀವ್ರ ಆಸ್ತಮಾದಿಂದ ತೀರಿಕೊಂಡಳು. ಅವಳ ಮರಣಕ್ಕೆ ವಾಯುಮಾಲಿನ್ಯವೂ ಕಾರಣವೆಂದು 2020ರ ಡಿಸೆಂಬರಿನಲ್ಲಿ ಕಾರೊನರ್ ತೀರ್ಪಿತ್ತರು. ನಾರ್ತ್ ಸರ್ಕ್ಯುಲರ್ ಪಕ್ಕದಲ್ಲಿ ಮಕ್ಕಳನ್ನು ಬೆಳೆಸುವ ನಾವು ಈ ತೀರ್ಪನ್ನು ಮರೆಯುವಂತಿಲ್ಲ.

2023ರ ಆಗಸ್ಟ್ 29ರಂದು ಯೂಲೆಝ್ ವಲಯವು ವೆಂಬ್ಲಿಯನ್ನೂ ಒಳಗೊಂಡಿತು. ಸಾಮಾನ್ಯವಾಗಿ ಯುರೋ 4ಕ್ಕಿಂತ ಹಳೆಯ ಪೆಟ್ರೋಲ್ ಕಾರಿಗೂ ಯುರೋ 6ಕ್ಕಿಂತ ಹಳೆಯ ಡೀಸೆಲ್ ಕಾರಿಗೂ ಅಂದಿನಿಂದ ದಿನಕ್ಕೆ 12.50 ಪೌಂಡ್ ಶುಲ್ಕ ಬಿದ್ದಿತು. ಬಲ ಹೆಚ್ಚಿಸುವ ಆಸೆಯಿಂದ ಡೀಸೆಲ್ ಕಾರಿನ ಡಿಪಿಎಫ್ ಎಂಬ ಮಸಿಶೋಧಕವನ್ನು ಕಿತ್ತುಹಾಕಿದರೆ, 2014ರ ಫೆಬ್ರವರಿಯಿಂದ ಜಾರಿಯಲ್ಲಿರುವ ನಿಯಮದಂತೆ, ಕಾರು ಎಂಒಟಿ ಪರೀಕ್ಷೆಯಲ್ಲಿ ಅನುತ್ತೀರ್ಣವಾಗುತ್ತದೆ. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ವಿಮೆಯೇ ಅಸಿಂಧುವಾಗಬಹುದು.

ಶಾಲೆಗೂ ಅಂಗಡಿಗೂ ಮಾತ್ರ ಓಡುವ ಕಾರಿಗೆ ಹೆಚ್ಚಿನ ಟರ್ಬೊ ಒತ್ತಡದಿಂದ ಆಗುವ ಪ್ರಯೋಜನ ಅತ್ಯಲ್ಪ. ಟೈರಿನ ಗಾಳಿ, ಸಕಾಲದ ಎಣ್ಣೆ ಬದಲಾವಣೆ, ಹದವಾದ ಕಾಲು ಇವು ಹೆಚ್ಚು ಉಳಿಸುತ್ತವೆ. ಮಾರ್ಪಡಿಸಲೇಬೇಕೆನ್ನುವವರು ಶೋಧಕಗಳನ್ನು ಮುಟ್ಟದೆ, ತಯಾರಕರು ಇಟ್ಟ ಅಂಚನ್ನು ಪೂರ್ತಿ ಬಳಸಿಬಿಡದೆ, ವಿಮೆಯವರಿಗೆ ತಿಳಿಸಿ ಮುಂದುವರಿಯಲಿ. ಬ್ಯೂಕಿ ವ್ಯರ್ಥವಾಗುತ್ತಿದ್ದ ಹೊಗೆಯಲ್ಲಿ ಬಲವನ್ನು ಕಂಡನು. ಆ ಹೊಗೆಯನ್ನು ಕೊನೆಗೆ ಉಸಿರಾಡುವವರು ನಮ್ಮ ಮಕ್ಕಳೇ ಎಂಬುದನ್ನು ನಾವು ಲೆಕ್ಕದಲ್ಲಿಡಬೇಕು.